ಮೂಲೆಯ ಅಂಕಿ

ಸುಂಟಿಕೊಪ್ಪದಲ್ಲಿ ನನ್ನದೊಂದು ಅಂಗಡಿ:
ಜೆರಾಕ್ಸ್, ಲ್ಯಾಮಿನೇಷನ್, ಆರ್‌ಟಿಸಿ, ಆಧಾರ್ ತಿದ್ದುಪಡಿ,
ಪಾಸ್‌ಪೋರ್ಟ್ ಫೋಟೊಗೆ ನೀಲಿ ಪರದೆ.
ಹಿಂದಿನ ಓಣಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದಾಳೆ
ಮಾರಿತ್. ಎಸ್ತೋನಿಯದವಳು.
ಯಾಕೆ ಬಂದೆ ಅಂತ ಊರೇ ಕೇಳಿದೆ. ಕಪ್ಪೆ ಎಣಿಸಲು.
ಯಾಕೆ ಹೋಗಲಿಲ್ಲ ಅಂತ ನಾನೊಬ್ಬನೇ ಕೇಳಿದ್ದು.
‘ಎಣಿಸಿ ಮುಗಿದಿಲ್ಲ’ ಅಂದಳು.

ಒಂಬತ್ತು ವರ್ಷದಿಂದ, ಮಂಗಳವಾರ, ಶುಕ್ರವಾರ,
ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುತ್ತಾಳೆ.
ಮೂರನೇ ಕಂಪ್ಯೂಟರೇ ಆಗಬೇಕು,
ಅದರ ‘ಕೆ’ ಕೀಲಿ ಸಿಕ್ಕಿಕೊಳ್ಳುತ್ತದೆ, ಆದರೂ ಅದೇ.
ಅವಳ ಹೆಸರಲ್ಲೇ ಅವಳದೊಂದು ತಾಣ:
ಪಾಚಿ ಬಣ್ಣದ ಅಂಚು, ಎಡಕ್ಕೆ ಚಿತ್ರ, ಬಲಕ್ಕೆ ಬರಹ,
ಕೆಳಗೆ ಮೂಲೆಯಲ್ಲೊಂದು ಅಂಕಿ,
ಎಷ್ಟು ಸಲ ಯಾರೋ ಬಂದು ಹೋದರು ಅಂತ.
ಹಳೇ ಕಾಲದ್ದು, ತೆಗೆಯೋಣ ಅಂದಿದ್ದೆ. ಇರಲಿ ಅಂದಳು.
ಕಿತ್ತಳೆ ಬರುವ ಹೊತ್ತಿಗೆ, ವರ್ಷಕ್ಕೊಮ್ಮೆ,
ಆ ಹೆಸರಿನ ಬಾಡಿಗೆ ಕಟ್ಟುವುದು ನನ್ನ ಕಾರ್ಡಿನಿಂದ.
ಒಂಬೈನೂರು ಚಿಲ್ಲರೆ ಎಣಿಸಿ ಕೊಡುತ್ತಾಳೆ, ಮೇಲೆರಡು ಹಣ್ಣು.
ಹಿಂಬಾಗಿಲಿನ ಬೀಗದ ಕೈ ಹಾಗಾಗಿ ನನ್ನ ಹತ್ತಿರವೂ ಒಂದು.
ಅಲ್ಲಿಂದ ಹೊಕ್ಕರೆ ಅಂಕಿ ಏರದು.

ಅವಳ ಭಾಷೆ ನನಗೆ ಬಾರದು.
ಅಕ್ಷರದ ತಲೆಯ ಮೇಲೆ ಜೋಡಿ ಚುಕ್ಕೆ, ಅಷ್ಟೇ ಗೊತ್ತು.
ಚಿತ್ರ ಓದಬಲ್ಲೆ:
ಕಾಚಂಪುಳಿಯ ಶೀಸೆ, ಗ್ಯಾಸ್ ಸಿಲಿಂಡರಿನ ಮೇಲೆ ಮಲಗಿದ ಬೆಕ್ಕು,
ತೋಟಕ್ಕೆ ಹೊರಟ ಜೀಪಿನಲ್ಲಿ ಹದಿನಾರು ಜನ,
ಜಿಗಣೆ ಕಚ್ಚಿದ ಹಿಮ್ಮಡಿ, ಪಕ್ಕದಲ್ಲಿ ಉಪ್ಪಿನ ಗಂಟು.
ಕರೆಂಟಿಲ್ಲದ ಸಂಜೆಯದು ಬರೀ ಕಪ್ಪು,
ಅದಕ್ಕೂ ಆರು ಸಾಲು ಬರೆದಿದ್ದಳು.
ಒಮ್ಮೆ ನನ್ನ ಕೈ, ಸ್ಟೇಪ್ಲರ್ ಹಿಡಿದದ್ದು.

‘ಇದೆಲ್ಲ ಯಾರಿಗೆ?’
‘ಅಮ್ಮನಿಗೆ. ದಿನಾ ಬೆಳಿಗ್ಗೆ ಒಮ್ಮೆ ತೆರೆಯುತ್ತಾಳೆ,
ಹೊಸದಿರಲಿ ಬಿಡಲಿ.’
ನೋಡಿದೆ. ಹೌದು. ದಿನಕ್ಕೊಂದು,
ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಹಾಗೆ.

ನಮ್ಮ ಉಪ್ಪ ಸಲಾಲಾದಲ್ಲಿದ್ದ.
ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದ.
ಕಷ್ಟ ಒಂದೂ ಹೇಳುತ್ತಿರಲಿಲ್ಲ.
‘ಇವತ್ತು ಬಂಗುಡೆ ಸಿಕ್ಕಿತು. ಅಂದುಞಿ ಉಪ್ಪು ಜಾಸ್ತಿ ಹಾಕಿದ.
ಹೊಸ ಬಕೆಟ್ ತಗೊಂಡೆ, ಹಸಿರು.’
ನಡುನಡುವೆ ಫ್ಯಾನಿನ ಸದ್ದು.
ಉಮ್ಮ ಆ ಸದ್ದನ್ನೂ ಹಿಂದಕ್ಕೆ ಸುತ್ತಿ ಕೇಳುತ್ತಿದ್ದಳು.
ಯಾವ ಹಸಿರಿರಬಹುದು ಅಂತ ತಿಂಗಳುಗಟ್ಟಲೆ.

ಹೋದ ಮಾರ್ಚಿಯಲ್ಲಿ, ಕಾಫಿ ಹೂ ಬಿಟ್ಟ ವಾರ,
ಅಂಕಿ ನಿಂತಿತು. ಮೂರು ಸಾವಿರದ ಮುನ್ನೂರ ಹದಿನಾಲ್ಕು.
ಒಂದು ದಿನ. ಜ್ವರವಿರಬಹುದು.
ನಾಲ್ಕು ದಿನ.
ಶುಕ್ರವಾರ ಮಾರಿತ್ ಬರಲಿಲ್ಲ.
ಮಂಗಳವಾರ ಬಂದಳು, ಚಪ್ಪಲಿ ಬಿಡಲು ಮರೆತು.
ಟಿಕೆಟ್ ನೋಡಲೇ ಅಂದೆ.
‘ಮಣ್ಣು ಕೊಟ್ಟಾಯಿತು’ ಅಂದಳು, ನಮ್ಮವರು ಅನ್ನುವ ಹಾಗೇ.
ಮೂರನೇ ಕಂಪ್ಯೂಟರಿಗೆ ಹೋಗಿ
ಎಂದಿನಷ್ಟೇ ಹೊತ್ತು ಬರೆದಳು.
ಚಿತ್ರ: ಕಿಟಕಿಯಾಚೆಯ ತಗಡು, ಅದರ ಮೇಲೆ ಒಣಗುವ ಕಾಳುಮೆಣಸು.

ಮಾರನೇ ಬೆಳಿಗ್ಗೆ ಶಟರ್ ಎತ್ತಿ, ದೀಪ ಹಾಕುವ ಮುಂಚೆ,
ಮುಂಬಾಗಿಲಿನಿಂದ ಒಮ್ಮೆ ಹೋಗಿ ಬಂದೆ.
ಅದರ ಮಾರನೇ ದಿನವೂ.
ಬಂದ್ ಇದ್ದ ದಿನ ಮನೆಯಿಂದ, ಫೋನಿನಲ್ಲಿ.
ಪೆರುನ್ನಾಳಿಗೆ ನಾಪೋಕ್ಲುವಿನ ಮಾವನ ಮನೆಯಲ್ಲಿ
ಸಿಗ್ನಲ್ ಹುಡುಕಿ ಗುಡ್ಡ ಹತ್ತಿ,
ಹೊಸ ಷರಟಿಗೆ ಉಣ್ಣಿ ಹತ್ತಿಸಿಕೊಂಡು.
ಅನುವಾದಿಸುವ ಗುಂಡಿ ಅಲ್ಲೇ ಇದೆ, ಗೊತ್ತು.
ಅಮ್ಮನಿಗೆ ಬರೆದದ್ದು. ಒತ್ತಲಿಲ್ಲ.

ಈ ವರ್ಷವೂ ಕಿತ್ತಳೆ ಬಂತು.
ಬಾಡಿಗೆ ಕಟ್ಟುವುದಾ ಅಂತ ಕೇಳಲು ಬಾಯಿ ಬರಲಿಲ್ಲ.
ಅವಳು ಮೂಲೆಯ ಅಂಕಿ ನೋಡುತ್ತ ಕೂತಿದ್ದಳು,
ಕಪ್ಪೆ ಎಣಿಸುವವಳು, ಲೆಕ್ಕ ತಪ್ಪುವವಳಲ್ಲ.
ನೋಟು ತೆಗೆದು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.
‘ಮೊಯ್ದು, ಈ ಸಲ ಎರಡು ವರ್ಷಕ್ಕೆ ಹಾಕಿ.’

ಹಣ್ಣು ನಾಲ್ಕಿದ್ದವು.
ಒಂದು ಹುಳಿ.